ಗೆಲ್ಲು ತೆರವು ಪ್ರಯುಕ್ತ

ಮೇ ತಿಂಗಳು ಬಂತೆಂದರೆ ಕರಾವಳಿಯ ಪತ್ರಿಕೆಗಳ ಒಳಪುಟದಲ್ಲಿ ಆ ಪ್ರಕಟಣೆ ತಪ್ಪದೆ ಕಾಣಿಸಿಕೊಳ್ಳುತ್ತದೆ. ವಿದ್ಯುತ್ ತಂತಿಗೆ ತಾಗುವ ಮರದ ಗೆಲ್ಲುಗಳ ತೆರವು ಪ್ರಯುಕ್ತ ಬೆಳಿಗ್ಗೆ 10ರಿಂದ ಸಂಜೆ 5ರ ತನಕ ವಿದ್ಯುತ್ ನಿಲುಗಡೆ, ಸಾರ್ವಜನಿಕರು ಸಹಕರಿಸಬೇಕು. ಈ ವರ್ಷವೂ ಬಂದಿದೆ, ನೀವೂ ಓದಿದ್ದೀರಿ, ಓದಿ ಬೆವರು ಒರೆಸಿಕೊಂಡಿದ್ದೀರಿ. (ಘಟ್ಟದ ಮೇಲಿನ ಓದುಗರ ಗಮನಕ್ಕೆ: ನಮ್ಮಲ್ಲಿ ಗೆಲ್ಲು ಎಂದರೆ ಕೊಂಬೆ. ಬೇರೆ ಅರ್ಥದಲ್ಲಿ ಈ ವ್ಯವಹಾರದಲ್ಲಿ ಯಾರೂ ಗೆಲ್ಲುವುದಿಲ್ಲ.)

ನಮ್ಮ ಕಾಲಪ್ರಜ್ಞೆಯನ್ನು ಮೆಚ್ಚಲೇಬೇಕು. ಮೇಯಲ್ಲಿ ಕಡಿಯುತ್ತೇವೆ, ಜೂನ್ 5ರಂದು ನೆಡುತ್ತೇವೆ. ಅಂದು ಮಳೆ ಜೋರಾಗಿ ಫೋಟೊ ಸರಿಬಾರದೆ ಹೋದರೆ, 1950ರಲ್ಲಿ ಕೆ. ಎಂ. ಮುನ್ಶಿಯವರು ಆರಂಭಿಸಿಕೊಟ್ಟ ವನಮಹೋತ್ಸವ ಜುಲೈ ಮೊದಲ ವಾರದಲ್ಲಿ ಇದ್ದೇ ಇದೆ. ನೆಡುವ ಜಾಗವೂ ಹೆಚ್ಚಾಗಿ ಅದೇ ತಂತಿಯ ಕೆಳಗೆ, ಏಕೆಂದರೆ ಕಾಂಕ್ರೀಟು ಬೀಳದೆ ಉಳಿದ ಎರಡು ಹಿಡಿ ಮಣ್ಣು ರಸ್ತೆಯ ಆ ಅಂಚಿನಲ್ಲಿ ಮಾತ್ರ ಸಿಗುತ್ತದೆ. ಅರುವತ್ತು ಅಡಿ ಬೆಳೆಯಬಲ್ಲ ಜಾತಿಯ ಗಿಡವನ್ನು ತಂತಿಯ ನೇರ ಕೆಳಗೆ ನೆಟ್ಟು, ಬೇಲಿ ಕಟ್ಟಿ, ಬೇಲಿಗೆ ದಾನಿಗಳ ಹೆಸರಿನ ಫಲಕ ತೂಗಿಸಿ ಹೊರಟುಹೋಗುತ್ತೇವೆ. ಮರ ಬೆಳೆಯುತ್ತದೆ ಎಂಬ ವಿಷಯ ಹತ್ತು ವರ್ಷಗಳ ನಂತರ ಒಂದು ಮೇ ತಿಂಗಳಿನಲ್ಲಿ ಎಲ್ಲರಿಗೂ ಒಟ್ಟಿಗೆ ಹೊಳೆಯುತ್ತದೆ.

ಕಳೆದ ವಾರ ಮಂಗಳೂರಿನ ಕದ್ರಿಯ ಕೆಳಗಿನ ನಮ್ಮ ಓಣಿಯ ಮಳೆಮರದ ಸರದಿ ಬಂತು. ಪಿಕಪ್‌ನಲ್ಲಿ ಐದು ಮಂದಿ ಬಂದಿಳಿದರು. ಹತ್ತುವವನು ಒಬ್ಬ, ಹಗ್ಗ ಹಿಡಿಯುವವರು ಇಬ್ಬರು, ಬಿದ್ದದ್ದನ್ನು ಎಳೆದುಹಾಕುವವನು ಒಬ್ಬ, ಫೋನಿನಲ್ಲಿ ಮಾತನಾಡುವವನು ಒಬ್ಬ. ಕೊನೆಯವನು ಗುತ್ತಿಗೆದಾರನೆಂದು ಬೇರೆ ಹೇಳಬೇಕಾಗಿಲ್ಲ. ಹತ್ತುವವನ ತಲೆಯ ಮೇಲೆ ಬೈಕಿನ ಹೆಲ್ಮೆಟ್ಟು ಇತ್ತು, ಅದರ ಕೊಂಡಿ ಮುರಿದಿದ್ದರಿಂದ ಬೈರಾಸಿನಿಂದ ಗಲ್ಲಕ್ಕೆ ಬಿಗಿದುಕೊಂಡಿದ್ದ. ಕಾಲು ಬರಿಗಾಲು. ಸೊಂಟಕ್ಕೆ ಸುತ್ತಿದ ಹಗ್ಗದ ಬಣ್ಣ ನೋಡಿದರೆ ಅದು ಯಾವುದೋ ಬಾವಿಯಿಂದ ನಿವೃತ್ತಿ ಪಡೆದು ಇಲ್ಲಿ ಮರುನೇಮಕಗೊಂಡದ್ದೆಂದು ತಿಳಿಯುತ್ತಿತ್ತು. ಬೆನ್ನಿಗೆ ಸಿಕ್ಕಿಸಿದ ಕತ್ತಿ ಮಾತ್ರ ಹೊಳೆಯುತ್ತಿತ್ತು. ಅದು ಅವನ ಸ್ವಂತದ್ದು.

ಮೇಲೆ ತಲುಪಿದವನು ಒಂದು ದೊಡ್ಡ ಗೆಲ್ಲನ್ನು ಮುಟ್ಟಿ ನೋಡಿ, ಇದನ್ನು ಬುಡದ ಉಬ್ಬಿನ ಹತ್ತಿರ ತೆಗೆಯುತ್ತೇನೆ, ನಡುವಿನಲ್ಲಿ ಕಡಿದರೆ ಕುಂಬಾಗುತ್ತದೆ (ಅಂದರೆ ಕೊಳೆಯುತ್ತದೆ) ಎಂದು ಕೂಗಿದ. ಲೈನಿಗೆ ತಾಗದಷ್ಟು ಕಡಿದು ಇಳಿ ಮಾರಾಯ, ಇನ್ನು ಮೂರು ಟಿ.ಸಿ. (ಟ್ರಾನ್ಸ್‌ಫಾರ್ಮರ್) ಬಾಕಿ ಇದೆ ಎಂದು ಕೆಳಗಿನಿಂದ ಉತ್ತರ ಹೋಯಿತು.

ಆ ಉಬ್ಬಿನ ವಿಷಯದಲ್ಲಿ ಅಮೆರಿಕದಲ್ಲಿ ಅಲೆಕ್ಸ್ ಶೈಗೊ ಎಂಬ ವಿಜ್ಞಾನಿ ಜೀವಮಾನವನ್ನೇ ಸವೆಸಿದರು. ಸಾವಿರಾರು ಮರಗಳನ್ನು ಗರಗಸದಿಂದ ಉದ್ದುದ್ದ ಸೀಳಿ ನೋಡಿ ಅವರು ಹೇಳಿದ್ದೇನೆಂದರೆ, ಮರದ ಗಾಯ ನಮ್ಮ ಚರ್ಮದಂತೆ ಮಾಯುವುದಿಲ್ಲ. ಮರವು ಕೊಳೆತ ಭಾಗದ ಸುತ್ತ ಗೋಡೆ ಕಟ್ಟಿ ಅದನ್ನು ಒಳಗೇ ಬಂದಿ ಮಾಡುತ್ತದೆ, ಮತ್ತು ಆ ಗೋಡೆ ಕಟ್ಟುವ ಸಾಮರ್ಥ್ಯ ಗೆಲ್ಲಿನ ಬುಡದ ಉಬ್ಬಿನಲ್ಲಿ ಹೆಚ್ಚು. ಆದ್ದರಿಂದ ಬಲ್ಲವರು ಒಂದು ಗೆಲ್ಲಿಗೆ ಮೂರು ಕಡಿತ ಹಾಕುತ್ತಾರೆ. ಮೊದಲನೆಯದು ಸ್ವಲ್ಪ ದೂರದಲ್ಲಿ ಕೆಳಗಿನಿಂದ, ಎರಡನೆಯದು ಅದರಾಚೆ ಮೇಲಿನಿಂದ, ಭಾರವೆಲ್ಲ ಬಿದ್ದ ಮೇಲೆ ಮೂರನೆಯದು ಉಬ್ಬಿಗೆ ಗಾಯವಾಗದಂತೆ ಅದರ ಹೊರಗೆ. ನಮ್ಮ ಓಣಿಯಲ್ಲಿ ಬಿದ್ದದ್ದು ಒಂದೇ ಕಡಿತ, ಅದೂ ಮೇಲಿನಿಂದ. ಗೆಲ್ಲು ಅರ್ಧಕ್ಕೆ ಮುರಿದು ಜೋತು, ಬೀಳುವಾಗ ಕಾಂಡದ ತೊಗಟೆಯನ್ನು ಒಂದು ಮೊಳ ಸುಲಿದುಕೊಂಡೇ ಬಿತ್ತು. ಕಡಿದವನಿಗೆ ಶೈಗೊ ಯಾರೆಂದು ಗೊತ್ತಿರಲಾರದು. ಅವರು ಹೇಳಿದ್ದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಹಾಗೆ ಕಡಿಯಬೇಕಾಗಿ ಬಂದದ್ದು ಅವನ ಮುಖದಲ್ಲಿ ಕಾಣುತ್ತಿತ್ತು.

ಹೀಗೆ ತಲೆ ಹಾರಿಸಿದ ಮರದಲ್ಲಿ ಒಂದೇ ಮಳೆಗಾಲದೊಳಗೆ ಹಿಂಡು ಹಿಂಡಾಗಿ ಚಿಗುರು ಬರುತ್ತದೆ. ನೋಡುವವರು ಮರ ಚೇತರಿಸಿಕೊಂಡಿತೆಂದು ಸಂತೋಷಪಡುತ್ತಾರೆ. ಆ ಚಿಗುರುಗಳಿಗೆ ಕಾಂಡದ ಒಳಗೆ ಬೇರೂರಿದ ಹಿಡಿತವಿರುವುದಿಲ್ಲ, ಕೆಳಗೆ ಕಾಂಡವೂ ಕುಂಬಾಗುತ್ತಿರುತ್ತದೆ, ಕೆಲವು ವರ್ಷಗಳಲ್ಲಿ ಅವೇ ದಪ್ಪಗಾಗಿ ಒಂದು ಗಾಳಿಗೆ ಅದೇ ತಂತಿಯ ಮೇಲೆ ಬೀಳುತ್ತವೆ. ಇದನ್ನು ಅವೈಜ್ಞಾನಿಕ ಎನ್ನುವವರಿಗೆ ಗುತ್ತಿಗೆಯ ಶಾಸ್ತ್ರ ತಿಳಿಯದು. ಸರಿಯಾಗಿ ಕಡಿದರೆ ಮುಂದಿನ ಮೇಯಲ್ಲಿ ಟೆಂಡರು ಯಾವುದಕ್ಕೆ ಕರೆಯುವುದು?

ಅಮೆರಿಕದಲ್ಲಿ ಈ ಕಸುಬಿನವರ ಸಂಘಟನೆ 1924ರಷ್ಟು ಹಿಂದೆಯೇ ಹುಟ್ಟಿಕೊಂಡಿತು. ಪರೀಕ್ಷೆ ಬರೆದು ಪಾಸಾದವರಿಗೆ ಪ್ರಮಾಣಪತ್ರವೂ ಉಂಟು. ನಮ್ಮಲ್ಲಿ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು, ಅರ್ಜಿ ಬೇಕು, ಸ್ಥಳ ಪರಿಶೀಲನೆ ಬೇಕು. ಮರ ಹತ್ತಿ ಕಡಿಯುವವನಿಗೆ ಏನು ಗೊತ್ತಿರಬೇಕೆಂದು ಕೇಳುವವರು ಯಾರೂ ಇಲ್ಲ, ಅವನ ಸೊಂಟದ ಹಗ್ಗದ ಸ್ಥಳ ಪರಿಶೀಲನೆಗೂ ಯಾರೂ ಬರುವುದಿಲ್ಲ.

ಮರ ಬಲ್ಲವನಿಗೆ ತುಳುನಾಡಿನಲ್ಲಿ ಮರ್ಯಾದೆಯೇ ಇಲ್ಲವೆಂದರೆ ತಪ್ಪಾದೀತು. ವರ್ಷಕ್ಕೆ ಒಂದು ಬೆಳಗ್ಗೆ ಇದೆ. ಆಟಿ ಅಮಾವಾಸ್ಯೆಯ ದಿನ ಸೂರ್ಯ ಹುಟ್ಟುವ ಮೊದಲು ಹಾಲೆಮರದ ತೊಗಟೆ ತಂದು ಕಷಾಯ ಮಾಡಿ ಕುಡಿಯುವವರಲ್ಲವೇ ನಾವು? ಆ ತೊಗಟೆಯನ್ನು ಕತ್ತಿಯಿಂದ ತೆಗೆಯುವಂತಿಲ್ಲ, ಮರಕ್ಕೆ ಕಬ್ಬಿಣ ತಾಗಬಾರದು, ಕಲ್ಲಿನಿಂದ ಜಜ್ಜಿ ಬೇಕಾದಷ್ಟೇ ಎಬ್ಬಿಸಬೇಕು. ಗುರುತು ತಪ್ಪಿ ಕಾಸರಕದ ತೊಗಟೆ ತಂದರೆ ಮನೆಮಂದಿಯ ಕಥೆ ಮುಗಿಯಿತು, ಆದ್ದರಿಂದ ಆ ಒಂದು ದಿನ ಮರದ ಗುರುತಿರುವ ಹಿರಿಯನನ್ನು ಹುಡುಕಿಕೊಂಡು ಹೋಗಿ, ಕೂರಿಸಿ, ವಿನಯದಿಂದ ಮಾತನಾಡುತ್ತೇವೆ. ಮರುದಿನ ಅವನೇ ಕೂಲಿ ಕೇಳಿದರೆ, ಇವರಿಗೆಲ್ಲ ಈಗ ಕೊಬ್ಬು ಎನ್ನುತ್ತೇವೆ.

ತೆಂಗಿನ ಮಟ್ಟಿಗೆ ಸರಕಾರಕ್ಕೂ ಕಣ್ಣು ತೆರೆದಿದೆ ಎಂಬುದನ್ನು ಒಪ್ಪಬೇಕು. ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ ತೆಂಗಿನ ಮರಗಳ ಸ್ನೇಹಿತರು ಎಂಬ ಯೋಜನೆ ತಂದು, ಆರು ದಿನಗಳ ತರಬೇತಿ ಮತ್ತು ಹತ್ತುವ ಯಂತ್ರ ಕೊಟ್ಟಿತು. ಕೇರ ಸುರಕ್ಷಾ ಎಂಬ ವಿಮೆಯೂ ಇದೆ. ಮಾವಿಗೆ, ಹಲಸಿಗೆ, ಮಳೆಮರಕ್ಕೆ ಇನ್ನೂ ಸ್ನೇಹಿತರು ಸಿಕ್ಕಿಲ್ಲ. ಅಡಿಕೆಯವರಿಗೆ ಕಾರ್ಬನ್ ಫೈಬರ್ ದೋಟಿ ಬಂದಿದೆ. ನೆಲದಲ್ಲೇ ನಿಂತು ಗೊನೆ ಇಳಿಸಬಹುದು, ಮದ್ದೂ ಬಿಡಬಹುದು. ಅದರ ಬೆಲೆ, ತೂಕ, ಉದ್ದ ಎಲ್ಲವೂ ತೋಟದವರಿಗೆ ಬಾಯಿಪಾಠ. ಕಾರ್ಬನ್ ಫೈಬರಿನಲ್ಲಿಯೂ ಕರೆಂಟು ಹರಿಯುತ್ತದೆ ಎಂಬುದನ್ನು ಅದನ್ನು ಹಿಡಿಯುವ ಆಳಿಗೆ ಎಷ್ಟು ಮಂದಿ ಹೇಳಿದ್ದಾರೆ?

ಹೇಳದೆ ಹೋದರೆ ಏನಾಗುತ್ತದೆ ಎಂಬುದಕ್ಕೂ ಪತ್ರಿಕೆಯಲ್ಲಿ ಒಂದು ಸಿದ್ಧ ವಾಕ್ಯವಿದೆ. ಮರದಿಂದ ಆಯತಪ್ಪಿ ಬಿದ್ದು ಕಾರ್ಮಿಕ ಸಾವು. ನಾಲ್ಕು ಸಾಲು, ವಯಸ್ಸು, ಊರು, ಪ್ರಕರಣ ದಾಖಲು. ಈ ಆಯತಪ್ಪಿ ಎಂಬ ಪದವನ್ನು ಇಪ್ಪತ್ತು ವರ್ಷಗಳಿಂದ ಓದಿ ಓದಿ ನನಗೆ ರೋಸಿಹೋಗಿದೆ. ಆಯ ಯಾವಾಗಲೂ ಸತ್ತವನದ್ದೇ ತಪ್ಪುತ್ತದೆ. ಒದ್ದೆ ಮರಕ್ಕೆ ಹತ್ತಿಸಿದವನದ್ದು ತಪ್ಪುವುದಿಲ್ಲ, ಸೇಫ್ಟಿ ಬೆಲ್ಟು ಕೊಡದವನದ್ದು ತಪ್ಪುವುದಿಲ್ಲ, ಲೈನ್ ಆಫ್ ಆಗಿದೆಯೆಂದು ವಿಚಾರಿಸದೆಯೇ ಹೇಳಿದವನದ್ದೂ ತಪ್ಪುವುದಿಲ್ಲ. ಬಿದ್ದೂ ಸಾಯದೆ ಬದುಕಿ, ಸೊಂಟ ಮುರಿದು ಮಲಗಿದವನು ಸುದ್ದಿಯಾಗುವುದೇ ಇಲ್ಲ. ಅವನ ಹೆಂಡತಿ ಬೀಡಿ ಕಟ್ಟಿ ಮನೆ ನಡೆಸುತ್ತಾಳೆ. ಇದರಲ್ಲಿ ತಮಾಷೆ ಮಾಡುವಂಥದ್ದು ಏನೂ ಇಲ್ಲ, ನಾನೂ ಮಾಡುವುದಿಲ್ಲ.

ಹಾಗೆಂದು ಕೈ ತೊಳೆದುಕೊಳ್ಳುವ ಯೋಗ್ಯತೆ ನನಗೂ ಇಲ್ಲ. ನಮ್ಮ ಹಿತ್ತಿಲಿನ ಎರಡು ತೆಂಗಿನ ಮರಗಳಿಗೆ ವರ್ಷಗಳಿಂದ ಒಬ್ಬನೇ ಬರುತ್ತಿದ್ದ. ಕಾಯಿ ಕಿತ್ತು, ಒಣಮಡಲು ತೆಗೆದು, ಮಂಡೆ ಚೊಕ್ಕ ಮಾಡಿ, ಕೆಂಪುಮೂತಿ ಹುಳ ಕೊರೆದಿದೆಯೇ ಎಂದೂ ನೋಡಿ ಇಳಿಯುತ್ತಿದ್ದ. ಕಳೆದ ವರ್ಷ ಅವನು ಮರಕ್ಕೆ ಇಪ್ಪತ್ತು ರೂಪಾಯಿ ಜಾಸ್ತಿ ಕೇಳಿದಾಗ, ಹತ್ತು ನಿಮಿಷದ ಕೆಲಸಕ್ಕೆ ಇಷ್ಟಾ ಎಂದು ನಾನೇ ಕೇಳಿದೆ. ಆ ಹೊತ್ತಿಗೆ ಮನೆಯೊಳಗೆ ಏಸಿ ರಿಪೇರಿಯ ಹುಡುಗ ಮುಚ್ಚಳ ತೆರೆದು ಮುಚ್ಚಿದ್ದಕ್ಕೆ ವಿಸಿಟಿಂಗ್ ಚಾರ್ಜು ಪಡೆದು ಹೊರಟಿದ್ದ. ಅವನಲ್ಲಿ ನಿಮಿಷದ ಲೆಕ್ಕ ಕೇಳಿರಲಿಲ್ಲ. ತೆಂಗಿನವನು ಮಾತನಾಡದೆ ಕೊಟ್ಟಷ್ಟನ್ನು ತೆಗೆದುಕೊಂಡು ಹೋದ.

ಈಗ ಫೋನ್ ಎತ್ತುತ್ತಿಲ್ಲ. ಅವನ ಮಗನನ್ನು ವಿಚಾರಿಸೋಣವೆಂದರೆ, ಅವನು ಮಾಲ್ ಒಂದರಲ್ಲಿ ಸೆಕ್ಯುರಿಟಿ ಕೆಲಸಕ್ಕೆ ಸೇರಿ ನೆರಳಿನಲ್ಲಿ ನಿಂತಿದ್ದಾನಂತೆ. ಕಾಯಿಗಳು ಒಣಗಿ ರಾತ್ರಿ ಹೊತ್ತು ಒಂದೊಂದಾಗಿ ಬೀಳುತ್ತಿವೆ. ಪಕ್ಕದ ಮನೆಯವರು ಮೊನ್ನೆ ಬಂದು, ತಮ್ಮ ಹೊಸ ಕಾರಿನ ಬಗ್ಗೆ ಬಹಳ ಸೌಜನ್ಯದಿಂದ ಆತಂಕ ವ್ಯಕ್ತಪಡಿಸಿದರು. ಅಂದಿನಿಂದ ಅದನ್ನು ರಸ್ತೆಯ ಆಚೆ ಬದಿಯಲ್ಲಿ, ತಂತಿಯ ಕಡೆಯ ಗೆಲ್ಲುಗಳೆಲ್ಲ ಹೋಗಿ ಇನ್ನೊಂದು ಬದಿಗೆ ಭಾರ ವಾಲಿ ನಿಂತಿರುವ ಮಳೆಮರದ ಕೆಳಗೆ ನಿಲ್ಲಿಸುತ್ತಿದ್ದಾರೆ.