ಲಿಂಕನ್ ಅಪ್ಪ ಯಾವಾಗ ಚಪ್ಪಲಿ ಹೊಲಿದ್ರು ಸ್ವಾಮಿ?

ಸೆಪ್ಟೆಂಬರ್ 5 ಹತ್ರ ಬಂತು ಅಂದ್ರೆ ಸಾಕು, ವಾಟ್ಸಾಪ್ ಗ್ರೂಪುಗಳಲ್ಲಿ ಅಬ್ರಹಾಂ ಲಿಂಕನ್ ಪೆನ್ನು ಹಿಡ್ಕೊಂಡು ಕೂತ್ಬಿಡ್ತಾರೆ. ಮಗನ ಮೇಷ್ಟ್ರಿಗೆ ಬರೆದ ಪತ್ರ, ಗೊತ್ತಲ್ಲ ನಿಮಗೆ, ಹಿಂದ್ಗಡೆ ಸೂರ್ಯೋದಯ, ಮೂಲೇಲೊಂದು ಗುಲಾಬಿ, ಕೆಳಗೆ ಕಳಿಸಿದೋರ ಅಂಗಡಿ ಜಾಹೀರಾತು. ಸೋಲೋದನ್ನ ಕಲಿಸಿ, ಬಿಸಿಲಲ್ಲಿ ಹಾರೋ ಜೇನ್ನೊಣ ನೋಡೋದನ್ನ ಕಲಿಸಿ ಅಂತೆಲ್ಲ. ಒಂದೇ ಒಂದು ತೊಂದ್ರೆ ಏನಪ್ಪಾ ಅಂದ್ರೆ, ಇದನ್ನ ಲಿಂಕನ್ ಬರೆದಿದ್ದಕ್ಕೆ ಯಾವ ಪುರಾವೆನೂ ಇಲ್ಲ. ಅಮೆರಿಕದೋರು ಆತ ಗೀಚಿದ ಚೀಟಿ ಚೂರನ್ನೂ ಬಿಡದೆ ಹುಡುಕಿ ಸಂಪುಟ ಮಾಡಿಟ್ಟಿದಾರೆ, ಅದರಲ್ಲಿ ಇದಿಲ್ಲ.

ಅಸಲಿಗೆ ಆ ಮನುಷ್ಯ ಮಕ್ಕಳ ವಿಷಯದಲ್ಲಿ ಎಷ್ಟು ಸಡಿಲ ಅಂದ್ರೆ, ಭಾನುವಾರ ಮಕ್ಕಳನ್ನ ತಮ್ಮ ವಕೀಲಿ ಆಫೀಸಿಗೆ ಕರ್ಕೊಂಡು ಬರೋರು, ಅವು ಪುಸ್ತಕ ಎಳೆದು ಹಾಕಿ, ಇಂಕು ಚೆಲ್ಲಿ, ಕೋರ್ಟ್ ಕಾಗದ ಚೆಲ್ಲಾಪಿಲ್ಲಿ ಮಾಡಿದ್ರೂ ಅಪ್ಪ ತುಟಿ ಪಿಟಕ್ ಅಂತಿರಲಿಲ್ಲ, ಪಾರ್ಟ್‌ನರ್ ವಿಲಿಯಂ ಹರ್ನ್‌ಡನ್‌ಗೆ ಮಾತ್ರ ಆ ಮಕ್ಕಳ ಕತ್ತು ಹಿಸುಕಬೇಕು ಅನ್ಸೋದಂತೆ, ಅವರೇ ಬರ್ಕೊಂಡಿದಾರೆ. ಇಂಥ ಅಪ್ಪ ಮೇಷ್ಟ್ರಿಗೆ ಶಿಸ್ತಿನ ಉಪದೇಶ ಬರೆದ್ರಂತೆ.

ಸರಿ, ಪತ್ರ ಬಿಡಿ. ಚಪ್ಪಲಿ ಕಥೆಗೆ ಬನ್ನಿ. ಅಧ್ಯಕ್ಷರಾಗಿ ಮೊದಲ ದಿನ ಸೆನೆಟ್‌ನಲ್ಲಿ ಭಾಷಣಕ್ಕೆ ನಿಂತಾಗ ಒಬ್ಬ ಶ್ರೀಮಂತ ಎದ್ದು 'ನಿಮ್ಮಪ್ಪ ನಮ್ಮನೆಗೆ ಚಪ್ಪಲಿ ಹೊಲೀತಿದ್ದ' ಅಂದನಂತೆ, ಲಿಂಕನ್ ತಣ್ಣಗೆ 'ಹೌದು, ಏನಾದ್ರೂ ಕಚ್ತಿದ್ರೆ ಹೇಳಿ, ರಿಪೇರಿ ಮಾಡ್ಕೊಡ್ತೀನಿ' ಅಂದ್ರಂತೆ. ಎಂಥ ಪಂಚ್ ಡೈಲಾಗ್! ಶಿಳ್ಳೆ ಹೊಡೀಬೇಕು ಅನ್ಸುತ್ತೆ. ಆದ್ರೆ ಅಪ್ಪ ಥಾಮಸ್ ಲಿಂಕನ್ ಬಡಗಿ, ಜೊತೆಗೆ ರೈತ. ಮಗ ಹುಟ್ಟೋ ಹೊತ್ತಿಗೆ ಕೆಂಟಕಿಯಲ್ಲಿ ದುಡ್ಡು ಕೊಟ್ಟು ಜಮೀನು ತಗೊಂಡಿದ್ದ, ಹಕ್ಕುಪತ್ರದ ತಕರಾರಿನಲ್ಲಿ ಅದೆಲ್ಲ ಕೈಬಿಟ್ಟು 1816ರಲ್ಲಿ ಇಂಡಿಯಾನಾ ಕಾಡಿಗೆ ಗಂಟುಮೂಟೆ ಕಟ್ಟಿದ. ಅಧ್ಯಕ್ಷರು ಸೆನೆಟ್‌ಗೆ ಹೋಗಿ ಭಾಷಣ ಮಾಡೋ ಪದ್ಧತಿನೇ ಆಗ ಇರ್ಲಿಲ್ಲ, ಬರೆದು ಕಳಿಸೋರು ಅಷ್ಟೆ. 1861ರ ಮಾರ್ಚ್ 4ಕ್ಕೆ ಪ್ರಮಾಣವಚನ ಆಗೋ ಹೊತ್ತಿಗೆ ದಕ್ಷಿಣದ 7 ರಾಜ್ಯಗಳು ದೇಶದಿಂದಲೇ ಎದ್ದು ಹೋಗಿದ್ವು, ಅಂದ್ರೆ ಹಾಗೆ ಹೀಯಾಳಿಸಬಹುದಾಗಿದ್ದ ತೋಟದ ಸಾಹುಕಾರರಲ್ಲಿ ಸುಮಾರು ಜನ ಆಗ್ಲೇ ಊರು ಸೇರಿದ್ರು. ಕಾಲೆಳೆಯೋಕೂ ಜನ ಬೇಕಲ್ವಾ.

ಒಬ್ಬ ಭಾಷಣಕಾರರಂತೂ ಲಿಂಕನ್ ಬೀದಿ ದೀಪದ ಕೆಳಗೆ ಓದಿದ್ರು ಅಂದ್ರು. ನಮ್ಮ ಸರ್ ಎಂ.ವಿ. ಬಗ್ಗೆ ಹೇಳೋ ಕಥೇನ ಎತ್ತಿ ಇಂಡಿಯಾನಾ ಕಾಡಿಗೆ ನೆಟ್ಬಿಟ್ರು. ಕರಡಿ ಓಡಾಡೋ ಜಾಗ ಸ್ವಾಮಿ ಅದು, ಬೀದಿನೇ ಇರ್ಲಿಲ್ಲ, ದೀಪ ಎಲ್ಲಿಂದ ತರೋಣ?

ಇದೆಲ್ಲದರ ಜೊತೆಗೆ ಸೋಲಿನ ಪಟ್ಟಿ. 1832ರಲ್ಲಿ ಸೋತರು, 1838ರಲ್ಲಿ ಸೋತರು, 1848ರಲ್ಲಿ ಸೋತರು, 1858ರಲ್ಲಿ ಸೋತರು, 1860ರಲ್ಲಿ ಅಧ್ಯಕ್ಷರಾದರು, ನೀವು ಯಾಕೆ ಒಂದೇ ಇಂಟರ್‌ವ್ಯೂಗೆ ಸುಸ್ತಾದ್ರಿ? ಪಟ್ಟಿ ಮಾಡಿದೋರ ಕೈಯಿಂದ ಗೆಲುವುಗಳು ಮಾತ್ರ ಅದು ಹೇಗೋ ಉದುರಿಹೋಗಿವೆ. 1834, 1836, 1838, 1840, ಸಾಲಾಗಿ ನಾಲ್ಕು ಸಲ ಇಲಿನಾಯ್ ಶಾಸನಸಭೆಗೆ ಆರಿಸಿ ಬಂದ ಮನುಷ್ಯ ಅದು. 1838ರ ಸೋಲು ಅಂದ್ರೆ ಶಾಸಕರಾಗಿ ಗೆದ್ದ ಮೇಲೆ ಸ್ಪೀಕರ್ ಹುದ್ದೆಗೆ ನಿಂತು ಸಿಗದೆ ಹೋಗಿದ್ದು. ನಮ್ಮಲ್ಲಿ ಸ್ಪೀಕರ್ ಆಗದ ಎಮ್ಮೆಲ್ಲೆಗೆ ಸೋತೋನು ಅಂತೀವಾ? 1848ರಲ್ಲಂತೂ ಸಂಸದರಾಗಿದ್ದ ಆತ ಮತ್ತೆ ಸೀಟೇ ಕೇಳಲಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಟರ್ಮ್ ಅಂತ ಅವರ ವಿಗ್ ಪಾರ್ಟಿಯೋರು ಮೊದಲೇ ಹಂಚ್ಕೊಂಡಿದ್ರು. ಅಧಿಕಾರ ಹಂಚಿಕೆ ಸೂತ್ರ ಅಂದ್ರೆ ನಮ್ಮೋರಿಗೆ ಬಿಡಿಸಿ ಹೇಳ್ಬೇಕಾಗಿಲ್ಲ, ಆದ್ರೆ ಅಲ್ಲಿ ಸೂತ್ರದ ಪ್ರಕಾರ ಇಳಿದ್ರಂತೆ, ಅದೊಂದು ಫಾರ್ವರ್ಡ್ ಮಾಡೋ ವಿಷಯ, ಅದನ್ನ ಯಾರೂ ಮಾಡಲ್ಲ.

ನಾವೇ ದಡ್ಡರು ಅನ್ಕೋಬೇಡಿ, ಅಮೆರಿಕದೋರು ಇನ್ನೂ ಒಂದು ಕೈ ಮೇಲು. ಕೆಂಟಕಿಯ ಹಾಜನ್‌ವಿಲ್ ಹತ್ರ ಲಿಂಕನ್ ಹುಟ್ಟಿದ ಜಾಗದಲ್ಲಿ ಗ್ರೀಕ್ ದೇವಸ್ಥಾನದ ಥರ ಕಲ್ಲಿನ ಭವನ ಕಟ್ಟಿದಾರೆ. 1909ರಲ್ಲಿ ಥಿಯೋಡರ್ ರೂಸ್‌ವೆಲ್ಟ್ ಅಡಿಗಲ್ಲು ಹಾಕಿದ್ರು, 1911ರಲ್ಲಿ ಅಧ್ಯಕ್ಷ ಟಾಫ್ಟ್ ಉದ್ಘಾಟನೆ. ಹತ್ತೋಕೆ 56 ಮೆಟ್ಟಿಲು, ಬದುಕಿದ್ದು 56 ವರ್ಷ ಅಂತ. ಒಳಗೆ ಗರ್ಭಗುಡಿಯಲ್ಲಿ ಮರದ ದಿಮ್ಮಿಯ ಗುಡಿಸಲು. ಆ ಗುಡಿಸಲಿನ ಜಾತಕ ಕೇಳಿ. 1890ರ ದಶಕದಲ್ಲಿ ನ್ಯೂಯಾರ್ಕಿನ ಒಬ್ಬ ಹೋಟೆಲ್ ಮಾಲೀಕ ಟೂರಿಸ್ಟ್‌ಗಳು ಬರ್ತಾರೆ ಅಂತ ಆ ಜಮೀನು ಕೊಂಡ್ಕೊಂಡ, ನೋಡಿದ್ರೆ ಅಲ್ಲಿ ಗುಡಿಸಲೇ ಇಲ್ಲ, ಪಕ್ಕದ ಜಮೀನಿನಿಂದ ಒಂದನ್ನ ಬಿಚ್ಚಿ ತಂದು ನಿಲ್ಲಿಸಿದ್ರು. ಆಮೇಲೆ ಅದನ್ನ ಮೇಳಗಳಿಗೆ ಹೊತ್ಕೊಂಡು ತಿರುಗಿದ್ರು, ಜೊತೆಗೆ ಜೆಫರ್ಸನ್ ಡೇವಿಸ್ ಹುಟ್ಟಿದ್ದು ಅಂತ ಇನ್ನೊಂದು ಗುಡಿಸಲು. ಯಾರು ಡೇವಿಸ್? ಅಂತರ್ಯುದ್ಧದಲ್ಲಿ ಆಚೆ ಕಡೆಯ ಅಧ್ಯಕ್ಷ, ಲಿಂಕನ್‌ಗೆ ಬದ್ಧವೈರಿ. ಎರಡರ ದಿಮ್ಮಿಗಳೂ ಗೋದಾಮಿನಲ್ಲಿ ಕಲಸುಮೇಲೋಗರ ಆದ್ವು. ಕೊನೆಗೆ ಕೂಡಿಸಿ ನಿಲ್ಲಿಸೋಣ ಅಂದ್ರೆ ಭವನದೊಳಗೆ ಜನ ಸುತ್ತು ಬರೋಕೆ ಜಾಗ ಸಾಲ್ಲಿಲ್ಲ, ಗುಡಿಸಲನ್ನೇ ಕತ್ತರಿಸಿ ಚಿಕ್ಕದು ಮಾಡಿದ್ರು! ಭವನ ದೊಡ್ಡದು ಮಾಡಿದ್ರೆ ಖರ್ಚಲ್ವಾ. 2004ರಲ್ಲಿ ಮರದ ಉಂಗುರ ಎಣಿಸಿ ನೋಡಿದ್ರೆ ಅತಿ ಹಳೇ ದಿಮ್ಮಿಯೂ 1848ರದ್ದು. ಲಿಂಕನ್ ಹುಟ್ಟಿದ್ದು 1809ರಲ್ಲಿ. ಆತ 39 ವರ್ಷದ ಸಂಸದರಾಗಿ ವಾಷಿಂಗ್ಟನ್‌ನಲ್ಲಿ ಓಡಾಡ್ಕೊಂಡಿದ್ದಾಗ ಆತ ಹುಟ್ಟಿದ ಮನೆ ಇನ್ನೂ ಕಾಡಲ್ಲಿ ಎಲೆ ಬಿಡ್ತಿತ್ತು. ಈಗ ಪಾರ್ಕಿನೋರು ಇದು ಸಾಂಕೇತಿಕ ಗುಡಿಸಲು ಅಂತ ಮರ್ಯಾದೆಯಾಗಿ ಹೇಳ್ತಾರೆ. ಜನ 56 ಮೆಟ್ಟಿಲು ಹತ್ತಿ ಕೈ ಮುಗಿಯೋ ಭಾವದಲ್ಲೇ ನಿಲ್ತಾರೆ.

ಬಡತನದ ಈ ವ್ಯಾಪಾರ ಶುರುವಾಗಿದ್ದು 1840ರ ಅಧ್ಯಕ್ಷರ ಚುನಾವಣೆಯಲ್ಲಿ. ವಿಗ್ ಪಾರ್ಟಿಯ ವಿಲಿಯಂ ಹೆನ್ರಿ ಹ್ಯಾರಿಸನ್ ವರ್ಜೀನಿಯಾದ ದೊಡ್ಡ ತೋಟದ ಬಂಗಲೆಯಲ್ಲಿ ಹುಟ್ಟಿದ ಸಾಹುಕಾರ, ಅವರನ್ನ ಗುಡಿಸಲ ಮಗ ಅಂತ ಮೆರವಣಿಗೆ ಮಾಡಿದ್ರು. ಎದುರಾಳಿ ವಾನ್ ಬ್ಯೂರೆನ್ ಅಪ್ಪ ನಡೆಸ್ತಿದ್ದಿದ್ದು ಹೆಂಡದಂಗಡಿ, ಅವರನ್ನ ಚಿನ್ನದ ಚಮಚದ ರಾಜಕುಮಾರ ಅಂದ್ರು. ಗೆದ್ದಿದ್ದು ಬಂಗಲೆ. ಆ ಸಲ ಊರೂರು ತಿರುಗಿ ಹ್ಯಾರಿಸನ್ ಪರ ಭಾಷಣ ಮಾಡಿದೋರಲ್ಲಿ ಒಬ್ಬ ಯುವ ಲಾಯರ್ ಇದ್ರು, ಹೆಸರು ಅಬ್ರಹಾಂ ಲಿಂಕನ್. ಪಾಠ ಚೆನ್ನಾಗೇ ಆಗಿತ್ತು ಅನ್ಸುತ್ತೆ.

20 ವರ್ಷ ಆದ್ಮೇಲೆ, 1860ರ ಮೇ ತಿಂಗಳು, ಇಲಿನಾಯ್‌ನ ಡೆಕೇಟರ್ ಊರಲ್ಲಿ, ಅಷ್ಟೊತ್ತಿಗೆ ಲಿಂಕನ್ ಸೇರಿದ್ದ ರಿಪಬ್ಲಿಕನ್ ಪಾರ್ಟಿಯ ಸಭೆಗೆ ಅವರ ನೆಂಟ ಜಾನ್ ಹ್ಯಾಂಕ್ಸ್ ಬೇಲಿಗೆ ಹಾಕೋ ಎರಡು ಹಳೇ ಸೀಳುಮರ ಹೊತ್ಕೊಂಡು ಬಂದ, ಬ್ಯಾನರ್ ಕಟ್ಟಿಸಿ, ಇವನ್ನ ಸೀಳಿದ್ದು ಲಿಂಕನ್ ಅಂತ. ಐಡಿಯಾ ರಿಚರ್ಡ್ ಓಗಲ್ಸ್‌ಬಿ ಅನ್ನೋ ಲೋಕಲ್ ಪುಢಾರಿಯದ್ದು. ಬ್ಯಾನರಿನಲ್ಲಿ ಹ್ಯಾಂಕ್ಸ್ ಹೆಸರೇ ತಪ್ಪು. ಲಿಂಕನ್ ನೋಡಿ, ಇವನ್ನೇ ಸೀಳಿದ್ದು ಅಂತ ಹೇಳೋಕಾಗಲ್ಲ, ಇದಕ್ಕಿಂತ ಚೆನ್ನಾಗಿರೋವು ಎಷ್ಟೋ ಸೀಳಿದೀನಿ ಅಂದ್ರು. ಆಗ ಅವರು ಇಲಿನಾಯ್ ಸೆಂಟ್ರಲ್ ರೈಲ್ವೆಯ ಕೇಸು ಗೆದ್ದುಕೊಟ್ಟು, 5000 ಡಾಲರ್ ಫೀಸು ಕೊಡಲ್ಲ ಅಂದಿದ್ದಕ್ಕೆ ಅದೇ ರೈಲ್ವೆ ಮೇಲೆ ಕೇಸು ಹಾಕಿ ವಸೂಲು ಮಾಡಿದ್ದ ಕುಳ. ವಾರದ ಮೇಲೆ ಪಾರ್ಟಿಯ ಅಭ್ಯರ್ಥಿ ಆರಿಸೋ ಷಿಕಾಗೋ ಸಮಾವೇಶದಲ್ಲಿ ಅವರ ಕಡೆಯೋರು ನಕಲಿ ಪ್ರವೇಶ ಟಿಕೆಟ್ ಛಾಪಿಸಿ ಹಾಲ್ ತುಂಬ್ಸಿದ್ರು, ಪೈಪೋಟಿಯಲ್ಲಿದ್ದ ಸೀವರ್ಡ್ ಬೆಂಬಲಿಗರು ಬ್ಯಾಂಡ್ ಬಾರಿಸ್ಕೊಂಡು ಬರೋ ಹೊತ್ತಿಗೆ ಒಳಗೆ ಜಾಗ ಇಲ್ಲ. ಮೂರನೇ ಸುತ್ತಿನ ಮತದಾನದಲ್ಲಿ ಲಿಂಕನ್‌ಗೆ ಅಧ್ಯಕ್ಷ ಸ್ಥಾನದ ಟಿಕೆಟ್ ಸಿಕ್ತು. ನನಗಂತೂ ಈ ಲಿಂಕನ್ನೇ ಇಷ್ಟ. ಬುದ್ಧಿವಂತ, ರಾಜಕೀಯ ಗೊತ್ತಿದ್ದ ಮನುಷ್ಯ, ಅದು ಗೊತ್ತಿದ್ದಕ್ಕೇ ಆಮೇಲೆ ಗುಲಾಮಗಿರಿ ಮೇಲೆ ಕೈ ಇಡೋಕಾಯ್ತು. ಆದ್ರೆ ಈ ಲಿಂಕನ್ ಗುಲಾಬಿ ಹೂವಿನ ಪಕ್ಕ ಕೂರಲ್ಲ.

ತನ್ನ ಬಡತನದ ಬಗ್ಗೆ ಆತನೇ ಏನಂದ್ರು ಗೊತ್ತಾ? ಚುನಾವಣೆಗೆ ಜೀವನಚರಿತ್ರೆ ಬರೀತೀನಿ ಅಂತ ಬಂದ ಷಿಕಾಗೋ ಪತ್ರಕರ್ತ ಸ್ಕ್ರಿಪ್ಸ್‌ಗೆ, ನನ್ನ ಬಾಲ್ಯದಲ್ಲಿ ಏನೋ ದೊಡ್ಡದಿದೆ ಅಂತ ಹುಡುಕೋದೇ ಮೂರ್ಖತನ ಅಂದ್ರು. 21 ಆಗೋವರೆಗೂ ಅಪ್ಪ ಅವರಿವರ ಮನೆ ಕೂಲಿಗೆ ಕಳಿಸಿ ದುಡ್ಡು ತಾನು ಇಟ್ಕೋತಿದ್ದ. ಒಟ್ಟು ಸೇರಿಸಿದ್ರೆ ಒಂದು ವರ್ಷದಷ್ಟೂ ಶಾಲೆ ಇಲ್ಲ. 9 ವರ್ಷಕ್ಕೆ ಅಮ್ಮ ತೀರ್ಕೊಂಡ್ರು. 1851ರಲ್ಲಿ ಅಪ್ಪ ಸತ್ತಾಗ ಮಗ ಅಂತ್ಯಕ್ರಿಯೆಗೂ ಹೋಗ್ಲಿಲ್ಲ. ಆ ಬದುಕಿನಿಂದ ಓಡಿ ಬಂದ ಮನುಷ್ಯ ಅದು. ಅದನ್ನ ನಾವು ಫ್ರೇಮ್ ಹಾಕಿಸಿ ಮಕ್ಕಳಿಗೆ ತೋರಿಸ್ತಿದೀವಿ.

ತೋರಿಸೋದು ಯಾರಿಗೆ ನೋಡಿ. ಒಬ್ಬರೇ ಮೇಷ್ಟ್ರಿರೋ ಶಾಲೆಯ ಮಕ್ಕಳಿಗೆ, ಮಳೆ ಬಂದ್ರೆ ಬೆಂಚು ಸರಿಸಿ ಕೂರೋ ಮಕ್ಕಳಿಗೆ. ಸ್ಟೇಜ್ ಮೇಲೆ ಕೂತ ಅತಿಥಿಗಳು, ಅವರ ಮಕ್ಕಳು ಎಲ್ಲೆಲ್ಲಿ ಓದ್ತಾರೋ, ಮೈಕ್ ಹಿಡಿದು 'ಲಿಂಕನ್ ಒಲೆ ಬೆಂಕಿಯ ಬೆಳಕಲ್ಲಿ ಓದಿ ಅಧ್ಯಕ್ಷರಾದ್ರು, ಮನಸ್ಸಿದ್ರೆ ಮಾರ್ಗ' ಅಂತಾರೆ. ಅಂದ್ರೆ ಕರೆಂಟ್ ಇಲ್ದಿದ್ದು ನಿನ್ನ ತೊಂದ್ರೆ ಅಲ್ಲ ಮಗು, ಮನಸ್ಸಿಲ್ದಿದ್ದು ನಿನ್ನ ತೊಂದ್ರೆ. ನಗು ಬರಲ್ಲ ರೀ ಇದಕ್ಕೆ. ಸಾಕಾಗಿದೆ ಕೇಳಿ ಕೇಳಿ.

ಲಿಂಕನ್ ದೊಡ್ಡ ಮಗ ರಾಬರ್ಟ್ 1859ರಲ್ಲಿ ಹಾರ್ವರ್ಡ್ ಎಂಟ್ರೆನ್ಸ್ ಬರೆದು 16 ವಿಷಯದಲ್ಲಿ 15 ಫೇಲಾದ. ಅಪ್ಪ ಅವನಿಗೆ ಒಲೆ ಮುಂದೆ ಕೂತ್ಕೊ ಅನ್ಲಿಲ್ಲ, ಜೇನ್ನೊಣ ನೋಡು ಅಂತಲೂ ಅನ್ಲಿಲ್ಲ. ಫಿಲಿಪ್ಸ್ ಎಕ್ಸೆಟರ್ ಅಕಾಡೆಮಿ ಅನ್ನೋ ಪ್ರತಿಷ್ಠಿತ ಶಾಲೆಗೆ ಫೀಸ್ ಕಟ್ಟಿ ಒಂದು ವರ್ಷ ಕೋಚಿಂಗ್‌ಗೆ ಹಾಕಿದ್ರು. ಮುಂದಿನ ವರ್ಷ ಸೀಟ್ ಸಿಕ್ತು.