ಎಐ ಪಾಠಕ್ಕಿಂತ ಮೊದಲು ಮೇಷ್ಟ್ರನ್ನು ಕೊಡಿ
2026-27ರಿಂದ ಮೂರನೇ ತರಗತಿಯಿಂದಲೇ ಎಐ ಕಲಿಸುವ ಕೇಂದ್ರದ ಯೋಜನೆಯನ್ನು ನಿಮ್ಮ ಪತ್ರಿಕೆಯ ಲೇಖನವೊಂದರಲ್ಲಿ ಲೇಖಕರು ಹೊಗಳಿದ್ದಾರೆ. ನಮ್ಮದು ಬ್ರಹ್ಮಾವರದ ಹತ್ತಿರ, ಮಗಳು ಕನ್ನಡ ಮಾಧ್ಯಮದಲ್ಲಿ ಏಳನೇ ತರಗತಿ. ಮೊನ್ನೆ ಕಂಬಳದ ಪ್ರಬಂಧವನ್ನು ಮೊಬೈಲಿನಲ್ಲಿ ಎಐ ಹತ್ತಿರ ಕೇಳಿ ಇಳಿಸಿಕೊಂಡಳು. ಒಂದು ಅಕ್ಷರವೂ ತಪ್ಪಿರಲಿಲ್ಲ, ಆದರೆ ಕೋಣಗಳೆಲ್ಲ ಎತ್ತುಗಳಾಗಿದ್ದವು! ಅವಳ ಅಜ್ಜ ಜಗಲಿಯಲ್ಲಿ ಕೂರಿಸಿಕೊಂಡು ಹಗ್ಗ, ನೇಗಿಲು, ಅಡ್ಡಹಲಗೆ, ಕನೆಹಲಗೆ ಅಂತ ಕೋಣಗಳ ಓಟದ ವಿಭಾಗಗಳನ್ನು ಒಂದೊಂದೇ ಬಿಡಿಸಿ ಹೇಳಿದ ಮೇಲೆ ಹಾಳೆ ಹರಿದು ಹೊಸದಾಗಿ ಬರೆದಳು. ಯಂತ್ರ ಹೇಳಿದ್ದು ಸರಿಯಾ ಅಂತ ನೋಡಲು ಕಲಿಸುವವರು ಶಾಲೆಯಲ್ಲೂ ಬೇಕಲ್ಲವೇ? ನಮ್ಮ ಶಾಲೆಯಲ್ಲಿ ಏಳು ತರಗತಿಗೆ ಮೂವರೇ ಶಿಕ್ಷಕರು. ಕೇಂದ್ರದ ಶಿಕ್ಷಣ ನೀತಿಯಡಿ ಬಂದ ನಾಲ್ಕು ವರ್ಷದ ಪದವಿಯನ್ನು ರಾಜ್ಯ 2024ರಲ್ಲಿ ಕೈಬಿಟ್ಟಿತು, ಆ ಜಗಳ ಇನ್ನೂ ಮುಗಿದಿಲ್ಲ. ದಯವಿಟ್ಟು ಕೇಂದ್ರ, ರಾಜ್ಯ ಇಬ್ಬರೂ ಸೇರಿ ಶಿಕ್ಷಕರ ಖಾಲಿ ಹುದ್ದೆ ತುಂಬಿ.