ಕೂಲಿಂಗ್ ಗ್ಲಾಸ್ ಕಪ್ಪಗಿದ್ದರೆ ಸಾಕೇ?

‘ಗಾಜು ಎಷ್ಟು ಕಪ್ಪೋ, ಮಕ್ಕಳ ಕಣ್ಣು ಅಷ್ಟು ಸೇಫ್’ ಎನ್ನುವ ವಾಟ್ಸಾಪ್ ಸಂದೇಶ ಬೇಸಿಗೆ ಬಂದರೆ ಸಾಕು, ಮತ್ತೆ ಓಡಾಡುತ್ತದೆ. ಇದು ಸರಿಯಲ್ಲ.

ಕಪ್ಪು ಬಣ್ಣ ತಡೆಯುವುದು ಕಣ್ಣಿಗೆ ಕಾಣುವ ಬೆಳಕನ್ನು. ಹಾನಿ ಮಾಡುವ ನೇರಳಾತೀತ ಕಿರಣ ಕಾಣುವುದೇ ಇಲ್ಲ, ಅಲ್ವಾ? ಅದನ್ನು ತಡೆಯುವ ಗುಣ ಗಾಜಿನಲ್ಲೇ ಬೇರೆಯಾಗಿ ಇರಬೇಕು. ಇಲ್ಲದಿದ್ದರೆ, ಕತ್ತಲಾಯಿತೆಂದು ಕಣ್ಣಿನ ಪಾಪೆ ಹಿಗ್ಗಿ, ಆ ಕಿರಣ ಒಳಗೆ ಜಾಸ್ತಿಯೇ ಹೋಗಬಹುದು. ಮಕ್ಕಳ ಕಣ್ಣಿನ ಮಸೂರವೋ ದೊಡ್ಡವರದ್ದಕ್ಕಿಂತ ತಿಳಿ. ಹಾಗಾಗಿ ಕಿರಣ ಕಣ್ಣಿನ ಹಿಂಭಾಗದ ಪರದೆಯಾದ ರೆಟಿನಾವರೆಗೂ ಸುಲಭವಾಗಿ ತಲುಪುತ್ತದೆ.

ಕೊಳ್ಳುವಾಗ ‘ಯುವಿ 400’ (ನೇರಳಾತೀತ ಕಿರಣ ತಡೆಯುತ್ತದೆ ಎನ್ನುವ ಗುರುತು) ಎಂದಿದೆಯೇ ನೋಡಿ. ಬಣ್ಣ ತಿಳಿಯಾಗಿದ್ದರೂ ಪರವಾಗಿಲ್ಲ. ಮಗು ಕನ್ನಡಕ ಕಿತ್ತೆಸೆಯುತ್ತದೆಯೇ (ಎಸೆಯದ ಮಗು ಯಾವುದು!)? ಅಗಲ ಅಂಚಿನ ಟೋಪಿ ಹಾಕಿ. ಆದರೆ ಯಾವ ಕೂಲಿಂಗ್ ಗ್ಲಾಸ್ ಹಾಕಿದ್ದರೂ ಸೂರ್ಯನನ್ನು ನೇರವಾಗಿ ನೋಡಲು ಬಿಡಬೇಡಿ, ಗ್ರಹಣದ ದಿನವೂ.